ನೀರು ಬಿಟ್ಟಾರ

ಕೊರೊನಾ ಕಾಟ ಮುಗಿದು ಜನ ಮುಖದ ಮಾಸ್ಕು ತೆಗೆದೆಸೆದ ಮೇಲೆ ಬಂದ ಎರಡನೇ ಬೇಸಿಗೆ ಅದು. ನಮ್ಮ ಬಳ್ಳಾರಿಯಲ್ಲಿ ಇರುವುದೇ ಎರಡು ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವೇ ಹೇಳಿಕೊಂಡು ನಗುತ್ತೇವೆ. ಆ ವರ್ಷ ನನ್ನ ಯಜಮಾನರ ತಲೆಗೆ ಬಿಸಿಲು ಬೇರೆಯೇ ರೀತಿಯಲ್ಲಿ ಏರಿತ್ತು. ಮೇ ತಿಂಗಳ ಕೊನೆಗೆ ಹಿಮಾಚಲದ ಬೆಟ್ಟಗಳಿಗೆ ಹೋಗಬೇಕು, ಹೊಳೆ ದಂಡೆಯಲ್ಲಿ ಟೆಂಟು ಹಾಕಬೇಕು, ಮೀನು ಹಿಡಿಯಬೇಕು ಎಂದು ಹಟ ಹಿಡಿದಿದ್ದರು.

ಅವರ ಹೆಸರು ಪಂಪಾಪತಿ. ಬ್ರೂಸ್‌ಪೇಟೆಯಲ್ಲಿ ದಾರ, ಗುಂಡಿ, ಜಿಪ್ಪುಗಳ ಅಂಗಡಿ ಇಟ್ಟಿದ್ದರು. ಊರಿನ ಜೀನ್ಸ್ ಹೊಲಿಯುವ ಕಾರ್ಖಾನೆಗಳಿಗೆ ಇವರ ಅಂಗಡಿಯಿಂದಲೇ ಮಾಲು ಹೋಗುತ್ತಿತ್ತು. ನಮ್ಮದು ಲಿಂಗಾಯತರ ಮನೆ, ಕೋಳಿಮೊಟ್ಟೆ ಕೂಡ ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಅಂಥ ಮನುಷ್ಯನಿಗೆ ಮೀನಿನ ಹುಚ್ಚು ಹಿಡಿಸಿದ್ದು ಮೊಬೈಲು. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಫ್ಯಾನಿನ ಕೆಳಗೆ ಕೂತು ವಿಡಿಯೊ ನೋಡುತ್ತಿದ್ದರು. ಯಾವುದೋ ಬೆಟ್ಟದ ನಡುವಿನ ತಣ್ಣನೆಯ ಹೊಳೆ. ಅದರಲ್ಲಿ ಮೊಳಕಾಲುದ್ದ ನೀರಿನಲ್ಲಿ ನಿಂತ ಒಬ್ಬ ಮನುಷ್ಯ ಉದ್ದನೆಯ ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ಬೀಸುತ್ತಾನೆ. ದಾರದ ತುದಿಯಲ್ಲಿ ಎರೆಹುಳ ಇಲ್ಲ. ಪುಕ್ಕ, ನೂಲು ಸುತ್ತಿ ಮಾಡಿದ ಸುಳ್ಳು ನೊಣ. ಮೀನು ಅದನ್ನು ನಿಜವಾದ ನೊಣ ಎಂದು ನುಂಗಲು ಬಂದು ಸಿಕ್ಕಿಬೀಳುತ್ತದೆ. ಆಮೇಲೆ ಆ ಮನುಷ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದು, ಮುದ್ದು ಮಾಡಿ, ವಾಪಸ್ಸು ನೀರಿಗೇ ಬಿಡುತ್ತಾನೆ. ನಮ್ಮವರನ್ನು ಸೋಲಿಸಿದ್ದು ಈ ಬಿಡುವುದೇ. ಜೀವ ತೆಗೆಯುವ ಪಾಪವಿಲ್ಲದೆ ಬೇಟೆಯ ಸುಖ ಸಿಗುವುದಾದರೆ ಯಾರಿಗೆ ಬೇಡ?

ಕುರುಗೋಡಿನಲ್ಲಿ ನಮ್ಮತ್ತೆ ಇದ್ದಾರೆ. ಮೈದುನನ ಸಂಸಾರದ ಜೊತೆಗಿದ್ದು, ಇಂದಿಗೂ ಗಟ್ಟಿಮುಟ್ಟಾಗಿ ಮನೆ ಆಳುತ್ತಾರೆ. ಮಗ ಈ ಸುದ್ದಿ ಹೇಳಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

“ಯವ್ವಾ, ತಿನ್ನಾಕಲ್ಲ. ಹಿಡೀತೀವಿ, ಒಂದು ಫೋಟೋ ತಕ್ಕೊಂತೀವಿ, ಬಿಡ್ತೀವಿ” ಎಂದರು ಇವರು.

“ತಿನ್ನೋರಿಗೆ ಹೊಟ್ಟಿ ಹಸಿವಾರ ಇರ್ತೈತಿ. ನಿನಗೇನು ಬ್ಯಾನಿ? ಬಾಯಿ ಚುಚ್ಚಿ ಬಿಡೋದು ಯಾವ ಧರ್ಮಲೇ ಪಂಪಾ?”

ನನಗೆ ಒಳಗೊಳಗೇ ಖುಷಿಯಾಯಿತು. ನಾನು ವಾರದಿಂದ ಹೇಳಲು ಹೆಣಗಾಡುತ್ತಿದ್ದ ಮಾತನ್ನು ಅತ್ತೆ ಒಂದೇ ಉಸಿರಿಗೆ ಹೇಳಿದ್ದರು. ಆದರೆ ಇವರು ಬಗ್ಗುವ ಪೈಕಿ ಅಲ್ಲ. ಮಗಳ ಮದುವೆಯಾಗಿದೆ, ಅಂಗಡಿ ತನ್ನಷ್ಟಕ್ಕೆ ನಡೆಯುತ್ತಿದೆ, ಇನ್ಯಾವಾಗ ಹೋಗುವುದು ಎಂಬುದು ಅವರ ವಾದ.

ಜೊತೆಗಾರ ಮೌಲಾ. ಇವರ ಹೈಸ್ಕೂಲಿನ ಗೆಳೆಯ. ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ತರು. ಚಿಕ್ಕಂದಿನಿಂದಲೂ ಗಾಳ ಹಿಡಿದು ಕೆರೆ, ಹೊಳೆ ಸುತ್ತಿದವನು. “ಹುಳ ಬಿಟ್ಟು ದಾರ ತಿನ್ನೋ ಮೀನು ಎಲ್ಲೈತಿ ನೋಡೇಬಿಡೋಣು” ಎಂದು ಅವನೂ ಹೊರಟ. ಸುಳ್ಳು ನೊಣಕ್ಕೆ ಬೇಕಾದ ಕೋಳಿಪುಕ್ಕ ತಂದುಕೊಡುವ ಕೆಲಸ ಅವನದು. ಪುಕ್ಕದ ಚೀಲ ಮನೆಯೊಳಗೆ ಬರಕೂಡದು ಎಂದು ನಾನು ಕಟ್ಟಪ್ಪಣೆ ಮಾಡಿದ್ದರಿಂದ ಅದು ಸ್ಕೂಟರಿನ ಡಿಕ್ಕಿಯಲ್ಲೇ ಇರುತ್ತಿತ್ತು. ಇವರು ಅಂಗಡಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಬಣ್ಣಬಣ್ಣದ ದಾರ ಸುತ್ತಿ ನೊಣ ಕಟ್ಟುತ್ತಿದ್ದರು. ಗುಂಡಿ ಕೊಳ್ಳಲು ಬಂದವರು ಅದನ್ನು ಕಂಡು, ಇದು ಯಾವ ಹೊಸ ಮಾಡೆಲ್ಲು ಎಂದು ಕೇಳಿದ್ದೂ ಉಂಟು.

ಸಂಜೆ ಮಾಳಿಗೆಯ ಮೇಲೆ ದಾರ ಬೀಸುವ ಅಭ್ಯಾಸ. ಒಂದು ಸಂಜೆ ಆ ಸುಳ್ಳು ನೊಣ ಗೋಡೆ ಹಾರಿ ಹೋಗಿ, ಪಕ್ಕದ ಮನೆಯ ರತ್ನಮ್ಮ ಒಣಹಾಕಿದ್ದ ನೈಟಿಗೆ ಸಿಕ್ಕಿಕೊಂಡಿತು. ಎಳೆದಷ್ಟೂ ನೈಟಿ ಇತ್ತ ಬರುತ್ತಿದೆ. ರತ್ನಮ್ಮ ಹೊರಗೆ ಬಂದು ನೋಡಿ, “ಹಿಡಿದಿದ್ದಾತಲ್ಲ, ಇನ್ನು ಬಿಡ್ರಿ ಪಂಪಾಪತಿಯವರ” ಎಂದರು. ಓಣಿ ತುಂಬ ನಗು. ನಾನು ನಾಚಿಕೆಯಿಂದ ಕೆಳಗೆ ಓಡಿಬಂದೆ. ಇವರು ಮಾತ್ರ ಚಿಕ್ಕ ಹುಡುಗರ ಹಾಗೆ ನಗುತ್ತ ನಿಂತಿದ್ದರು.

ಟೆಂಟು ಬಂದ ಮೇಲೆ ಅದರ ಪರೀಕ್ಷೆ ಕುರುಗೋಡಿನಲ್ಲಿ ನಡೆಯಿತು. ಗುಡ್ಡದ ಬುಡದಲ್ಲಿ, ಬಂಡೆಗಳ ನಡುವೆ ಒಂದಿಷ್ಟು ಸಮ ಜಾಗ ನೋಡಿ ಹಾಕಿದರು. ಹೊತ್ತು ಇಳಿದರೂ ಬಂಡೆಗಳು ಕಾದ ಹಂಚಿನ ಹಾಗೆ ಬಿಸಿ ಉಗುಳುತ್ತಿದ್ದವು. ಬೈಯುತ್ತಲೇ ಬುತ್ತಿ ಕಟ್ಟಿಕೊಂಡು ಬಂದಿದ್ದ ಅತ್ತೆ ಟೆಂಟಿನೊಳಗೆ ಹೊಕ್ಕು, ಕಾಲು ಚಾಚಿ ಕೂತು, ಜಿಪ್ಪು ಎಳೆದು ನೋಡಿ, “ಮನಿ ಏನೋ ಚಲೋ ಐತಿ, ಪಾಯ ಇಲ್ಲ ನೋಡು” ಎಂದರು. ಎಲ್ಲರೂ ಅಲ್ಲೇ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ವಾಪಸ್ಸು ಬರುವಾಗ ಇವರು ನನ್ನ ಕಡೆ ತಿರುಗದೆಯೇ, “ನೀನೂ ಬಾ. ಮೂರು ಮಂದಿಗೆ ಟೆಂಟು ಸಾಲದಿದ್ರ ಇನ್ನೊಂದು ತಗೊಂಡ್ರಾತು” ಎಂದರು.

“ನಾನ್ಯಾಕ ಬರಲಿ, ಮೀನಿಗೆ ಕುಂಕುಮ ಹಚ್ಚಿ ಕಳಸಾಕ?” ಎಂದೆ.

“ತಣ್ಣನ ನೀರಾಗ ಕಾಲಿಟ್ಟು ಕುಂಡ್ರು. ಒಂದು ದಿನಾರ ಏನೂ ಮಾಡದ ಕುಂಡ್ರು. ಅದಕ್ಕ ಬಾ ಅಂತೀನಿ.”

ಮದುವೆಯಾದಾಗಿನಿಂದ ನನಗೆ ಯಾರೂ ಹೇಳದಿದ್ದ ಮಾತು ಇದು. ಮರುವಾರ ಸ್ವೆಟರ್ ಕೇಳಿಕೊಂಡು ಬಟ್ಟೆ ಅಂಗಡಿಗೆ ಹೋದೆ. ಅಂಥ ಉರಿಬಿಸಿಲಿನಲ್ಲಿ ಸ್ವೆಟರ್ ಕೇಳಿದ್ದಕ್ಕೆ ಅಂಗಡಿಯ ಹುಡುಗಿ, “ಆರಾಮ ಅದೀರೇನ್ರಿ ಆಂಟಿ?” ಎಂದಳು. ಹೊಸ ಸ್ವೆಟರ್ ನೋಡಿ ಇವರು ನನ್ನ ಹೆಸರಿಗೂ ರೈಲಿನ ಟಿಕೇಟು ಮಾಡಿಸಿಕೊಂಡು ಬಂದರು.

ಕೊನೆಗೆ ಬಂದದ್ದು ರಬ್ಬರಿನ ಪ್ಯಾಂಟು. ಬೆಟ್ಟದ ಹೊಳೆಯ ನೀರು ಮಂಜಿನಂತೆ ಕೊರೆಯುವುದರಿಂದ ಅದರಲ್ಲಿ ನಿಲ್ಲಲು ಇದು ಬೇಕೇಬೇಕಂತೆ. ಬೂಟು, ಪ್ಯಾಂಟು ಒಂದಕ್ಕೊಂದು ಅಂಟಿಕೊಂಡೇ ಇದ್ದು, ಎದೆಯವರೆಗೆ ಬಂದು, ಹೆಗಲಿಗೆ ಪಟ್ಟಿ. ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಪ್ಯಾಂಟಿನ ವ್ಯವಹಾರದಲ್ಲೇ ಬದುಕಿದ ಮನುಷ್ಯ, ಅಂಚು ಅಂಚನ್ನೂ ಬೆರಳಲ್ಲಿ ಸವರಿ, “ಕೆಲಸ ನೋಡು. ಒಂದು ಹನಿ ನೀರು ಒಳಗ ಹೋಗಂಗಿಲ್ಲ” ಎಂದರು. ಮೇಲಿನಿಂದ ಒಳಗೆ ಹೋದ ನೀರು ಹೊರಗೂ ಬರುವುದಿಲ್ಲ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಹೊರಡಲು ಎರಡು ವಾರ ಉಳಿದಿತ್ತು. ಹರಿಯುವ ನೀರಿನಲ್ಲಿ ಒಮ್ಮೆಯಾದರೂ ಬೀಸಿ ನೋಡದೆ ಹೋದರೆ ಅಲ್ಲಿ ಮಾನ ಹೋಗುತ್ತದೆ ಎಂದು ಗೆಳೆಯರಿಬ್ಬರೂ ತೀರ್ಮಾನಿಸಿದರು. ಸಿರುಗುಪ್ಪದ ಕಡೆ ತುಂಗಭದ್ರೆ ಬೇಸಿಗೆಯಲ್ಲಿ ಬತ್ತಿ, ಬಂಡೆಗಳ ಸಂದಿಯಲ್ಲಿ ಮೊಳಕಾಲುದ್ದ ಹರಿಯುತ್ತದೆ. ಅಲ್ಲಿಗೇ ಹೋಗುವುದೆಂದು ಆಯಿತು. ಭಾನುವಾರ ಬೆಳಕು ಹರಿಯುವ ಮೊದಲೇ ಮೌಲಾ ಬಂದ. ನಾನು ಉಪ್ಪಿಟ್ಟು ಕಟ್ಟಿಕೊಟ್ಟೆ. ಇಬ್ಬರೂ ಸ್ಕೂಟರಿನಲ್ಲಿ ಹೊರಟರು. ಹೊಳೆಯ ನಡುವೆ ಒಂದು ದೊಡ್ಡ ಬಂಡೆ ಇದೆ, ಅದರ ಮೇಲೆ ನಿಂತು ಬೀಸಿದರೆ ಚೆನ್ನ ಎಂದು ಮೌಲಾ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಯಾವ ಊರಿನ ಹತ್ತಿರ ಎಂದು ನಾನು ಕೇಳಲಿಲ್ಲ. ಸಿರುಗುಪ್ಪದ ಹೊಳೆ ಎಂದರೆ ಮುಗಿಯಿತು ಅಂದುಕೊಂಡೆ.

ತಿಂಡಿ ಮುಗಿಸಿ ಪಾತ್ರೆ ತಿಕ್ಕಲು ಕೂತಾಗ ನನ್ನ ತಂಗಿ ಫೋನು ಮಾಡಿದಳು. ಅವಳನ್ನು ಕೊಟ್ಟಿರುವುದು ಸಿರುಗುಪ್ಪಕ್ಕೆ.

“ಅಕ್ಕಾ, ಮಾವ ಇವತ್ತ ಹೊಳಿಗೆ ಬರ್ತಾರ ಅಂದಿದ್ದಿಲ್ಲ? ಬಂದಾರೇನು?”

“ನಸಿಕಿನ್ಯಾಗ ಬಂದಾರ. ಯಾಕ?”

“ಆಟೋದಾಗ ಮೈಕು ಹಚ್ಚಿ ಕೂಗಾಕ ಹತ್ಯಾರ. ಕುಡಿಯೋ ನೀರಿಗಂತ ಮ್ಯಾಲಿನ ಡ್ಯಾಮಿನಿಂದ ನಿನ್ನಿ ಹೊಳಿಗೆ ನೀರು ಬಿಟ್ಟಾರಂತ, ಇವತ್ತ ನಮ್ಮ ಕಡಿ ಬರ್ತೈತಂತ. ಮಂದಿ, ದನ ಯಾವೂ ಇಳೀಬ್ಯಾಡ್ರಿ ಅನ್ನಾಕ ಹತ್ಯಾರ. ಲಗೂನ ಹೇಳು ಅವರಿಗೆ.”

ಕೈಯ ಸೋಪಿನ ನೊರೆ ಸೀರೆಗೆ ಒರೆಸಿಕೊಂಡು ಇವರಿಗೆ ಫೋನು ಹಚ್ಚಿದೆ. ಮೊದಲ ಸಲ ರಿಂಗಾಗಿ ನಿಂತಿತು. ಎರಡನೇ ಸಲ ಎತ್ತಿಕೊಂಡರು. ಗಾಳಿಯ ಭರಾಟೆ, ಮಾತು ತುಂಡು ತುಂಡಾಗಿ ಬರುತ್ತಿತ್ತು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

“ರೀ, ನೀರು ಬಿಟ್ಟಾರ್ರೀ! ಲಗೂ ಬರ್ರಿ!”

“ಹೌದಾ? ಇವತ್ತ ಬಿಟ್ರಾ? ನೀ ಆ ಚಪ್ಪಡಿ ಎತ್ತಬ್ಯಾಡ ಮಾರಾಯ್ತಿ, ಸೊಂಟ ಹಿಡಕೊಂಡೀತು. ನಾ...”

ಅಷ್ಟಕ್ಕೆ ಫೋನು ಕಟ್ಟಾಯಿತು.

ಬಳ್ಳಾರಿಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನಮ್ಮ ಓಣಿಯಲ್ಲಿ ನಲ್ಲಿಗೆ ದಿನಾ ನೀರು ಬರುವುದಿಲ್ಲ. ವಾರ, ಹತ್ತು ದಿನ, ಬೇಸಿಗೆಯಲ್ಲಿ ಅದಕ್ಕೂ ಹೆಚ್ಚು ಕಾಯಬೇಕು. ಬಿಟ್ಟ ದಿನ ಓಣಿಯ ತುದಿಯಲ್ಲಿ ಯಾರೋ ಒಬ್ಬರು “ನೀರು ಬಿಟ್ಟಾರ” ಎಂದು ಕೂಗುತ್ತಾರೆ. ಉಣ್ಣುತ್ತಿದ್ದವರು ಎದ್ದು ಓಡುತ್ತಾರೆ, ಜಗಳವಾಡುತ್ತಿದ್ದವರು ಜಗಳ ನಾಳೆಗಿಟ್ಟು ಓಡುತ್ತಾರೆ. ನಮ್ಮ ಮನೆ ಮುಂದೆ ನೆಲದೊಳಗಿನ ನೀರಿನ ಸಂಪಿನ ಮೇಲೆ ಭಾರದ ಕಲ್ಲು ಚಪ್ಪಡಿ ಮುಚ್ಚಿದೆ. ನನಗೆ ಸೊಂಟದ ಡಿಸ್ಕು ಜರುಗಿದ ಮೇಲೆ ಅದನ್ನು ಮುಟ್ಟಲು ಇವರು ಬಿಡುತ್ತಿರಲಿಲ್ಲ. ನೀರು ಬಂದಾಗ ನಾನು ಅಂಗಡಿಗೆ ಫೋನು ಮಾಡಬೇಕು, ಇದೇ ಮಾತು ಹೇಳಬೇಕು, “ನೀರು ಬಿಟ್ಟಾರ, ಲಗೂ ಬರ್ರಿ.” ಗಿರಾಕಿ ಇದ್ದರೂ ಶಟರು ಅರ್ಧ ಎಳೆದು ಬಂದುಬಿಡುತ್ತಿದ್ದರು.

ಆವತ್ತೂ ನನ್ನ ಬಾಯಿಂದ ಬಂದದ್ದು ಅದೇ ಮಾತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಚಪ್ಪಡಿ ಎಂಬ ಶಬ್ದ ಕೇಳಿದ ಕೂಡಲೇ ನನಗೆ ತಿಳಿದುಹೋಯಿತು. ಇವರು ಹೊಳೆಯ ನಡುವೆ ನಿಂತುಕೊಂಡು ನಲ್ಲಿ ನೀರಿನ ಬಗ್ಗೆ ಯೋಚಿಸುತ್ತಿದ್ದಾರೆ.

ಮತ್ತೆ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಣ್ಣುದನಿ ಹೇಳಿತು. ಮತ್ತೆ ಹಚ್ಚಿದೆ, ಮತ್ತೆ ಅದೇ ದನಿ. ಎಷ್ಟು ಸಮಾಧಾನದಿಂದ ಹೇಳುತ್ತಾಳೆ ಅವಳು! ಆ ದನಿ ಕೇಳಿದರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ. ಮೌಲಾನ ಫೋನು ಸ್ವಿಚ್ ಆಫ್ ಆಗಿತ್ತು. ವಾಟ್ಸಾಪಿನಲ್ಲಿ “ಹೊಳಿಗೆ ನೀರು ಬಿಟ್ಟಾರ, ಹೊಳಿಗೆ” ಎಂದು ಬರೆದು ಕಳಿಸಿದೆ. ಒಂದೇ ಟಿಕ್ಕು ಬಿತ್ತು, ಎರಡನೆಯದು ಬೀಳಲಿಲ್ಲ. ತಂಗಿಗೆ ಹೇಳಿದೆ. ಅವಳ ಗಂಡ ಶರಣಪ್ಪ ಆಗಲೇ ಬೈಕು ತೆಗೆದಿದ್ದ. “ಯಾವ ಊರ ಹತ್ರ ಅದಾರ?” ಎಂದು ಅವನು ಕೇಳಿದ. ನನಗೆ ಗೊತ್ತಿರಲಿಲ್ಲ. “ದಂಡಿಗುಂಟ ನೋಡಕೊಂತ ಹೊಕ್ಕೀನಿ, ನೀವು ಗಾಬರಿ ಆಗಬ್ಯಾಡ್ರಿ” ಎಂದು ಅವನು ಹೊರಟ.

ಮನೆಯಲ್ಲಿ ಕೂರಲಾಗಲಿಲ್ಲ. ಬೀಗದ ಕೈಯನ್ನು ರತ್ನಮ್ಮನಿಗೆ ಕೊಟ್ಟು ಸಿರುಗುಪ್ಪದ ಬಸ್ಸು ಹತ್ತಿದೆ. ಕಿಟಕಿಯಿಂದ ಬೆಂಕಿಯಂಥ ಗಾಳಿ ಬರುತ್ತಿತ್ತು. ಬಸ್ಸು ನಿಲ್ಲಿಸಿದಲ್ಲೆಲ್ಲ ಜನ ನಿಧಾನವಾಗಿ ಇಳಿಯುತ್ತಿದ್ದರು, ನಿಧಾನವಾಗಿ ಹತ್ತುತ್ತಿದ್ದರು. ಅವರನ್ನೆಲ್ಲ ಬೈಯಬೇಕು ಅನ್ನಿಸುತ್ತಿತ್ತು. ನಾನು ಫೋನು ಒತ್ತುತ್ತಲೇ ಇದ್ದೆ. ಒಂದೇ ಒಂದು ಸಲ ಅವರು ಎತ್ತಿದರೆ ಸಾಕು, ‘ಹೊಳಿಗೆ’ ಎಂಬ ಒಂದೇ ಶಬ್ದ ಹೇಳಿಬಿಡುತ್ತೇನೆ ಎಂದು ಮನೆದೇವರಿಗೆ ಬೇಡಿಕೊಂಡೆ.

ತೆಕ್ಕಲಕೋಟೆಯಲ್ಲಿ ಹತ್ತಿದ ಹೆಂಗಸೊಬ್ಬಳು ನನ್ನ ಪಕ್ಕ ಕೂತಳು. ಹೊಳೆ ದಂಡೆಯ ಊರಿನವಳು. ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ತಾನಾಗಿಯೇ ಮಾತು ತೆಗೆದಳು. “ಹೊಳಿಗೆ ನೀರು ಬಿಟ್ಟಾರಂತ ನೋಡಕ್ಕ. ಚಲೋ ಆತು. ದನ ಬಾಯಿ ಬಾಯಿ ಬಿಡತಿದ್ವು.”

ಆಕೆ ಹೇಳಿದ್ದು ಸರಿಯೇ. ಆ ನೀರಿಗಾಗಿ ಎಷ್ಟೋ ಊರಿನವರು ಕಾಯುತ್ತಿದ್ದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ತಂಗಿ ನಿಂತಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ನಾನು ಇಳಿಯುತ್ತಲೇ ಕೈ ಹಿಡಿದುಕೊಂಡಳು.

“ಮೌಲಾ ಅಣ್ಣ ಸಿಕ್ಕಾನಕ್ಕ” ಎಂದಳು.

ಅಷ್ಟೇ ಹೇಳಿದಳು. ಇಬ್ಬರೂ ಸಿಕ್ಕಿದ್ದರೆ ಅವಳು ಮೊದಲು ಮೌಲಾನ ಹೆಸರು ಹೇಳುತ್ತಿರಲಿಲ್ಲ.

ಹೊಳೆ ದಂಡೆಗೆ ನನ್ನನ್ನು ಹೇಗೆ ಕರೆದುಕೊಂಡು ಹೋದರೋ ನೆನಪಿಲ್ಲ. ನೀರು ಅಬ್ಬರಿಸುತ್ತಿರಲಿಲ್ಲ. ಸದ್ದಿಲ್ಲದೆ, ಕೆಂಪಗೆ, ಅಗಲವಾಗಿ ಹರಿಯುತ್ತಿತ್ತು. ನಡುವಿನ ಬಂಡೆಯ ತಲೆ ಮಾತ್ರ ಕಾಣುತ್ತಿತ್ತು. ದಂಡೆಯ ಮೇಲೆ ಯಾರದೋ ಟವೆಲು ಹೊದ್ದುಕೊಂಡು ಮೌಲಾ ಕುಕ್ಕರುಗಾಲಲ್ಲಿ ಕೂತಿದ್ದ. ಬಂಡೆಯ ಮೇಲೆ ಸಿಕ್ಕಿಕೊಂಡಿದ್ದ ಅವನನ್ನು ಮೀನುಗಾರನೊಬ್ಬ ಹರಿಗೋಲು ಹಾಕಿಕೊಂಡು ಹೋಗಿ ಕರೆತಂದಿದ್ದನಂತೆ. ಅದೇ ಹರಿಗೋಲು ಮತ್ತೆ ನೀರಿಗಿಳಿದು, ಕೆಳಗಡೆಯ ಜಾಲಿ ಪೊದೆಗಳ ಸಾಲಿನಲ್ಲಿ ಹುಡುಕುತ್ತಿತ್ತು. ಹೊತ್ತು ಇಳಿಯುವಾಗ ಇವರು ಅಲ್ಲಿಯೇ ಸಿಕ್ಕರು.

ದಡಕ್ಕೆ ತರಲು ನಾಲ್ಕು ಜನಕ್ಕೂ ಆಗಲಿಲ್ಲ, ಅಷ್ಟು ಭಾರ. ಕೊನೆಗೆ ಒಬ್ಬರು ಕುಡುಗೋಲು ತಂದು ಆ ರಬ್ಬರಿನ ಪ್ಯಾಂಟನ್ನು ಎದೆಯಿಂದ ಕೆಳಗಿನವರೆಗೆ ಸೀಳಿದರು. ಒಳಗಿದ್ದ ನೀರೆಲ್ಲ ದಬದಬ ಸುರಿದು ಉಸುಕಿನಲ್ಲಿ ಇಂಗಿತು. ಅದನ್ನು ಹಾಕಿಕೊಂಡು ಪಡಸಾಲೆಯಲ್ಲಿ ಓಡಾಡಿದ್ದಕ್ಕೆ ನಾನು ಅಷ್ಟು ನಕ್ಕಿದ್ದೆ.

ಕುರುಗೋಡಿನಲ್ಲಿ, ಅವರ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಅತ್ತೆ ಅಳಲಿಲ್ಲ. “ಬಾಯಿಲ್ಲದ ಜೀವ ಚುಚ್ಚಬ್ಯಾಡ ಅಂದೆ. ಅಂವ ಯಾರ ಮಾತು ಕೇಳ್ಯಾನ” ಎಂದು ಗೋಡೆಗೆ ಒರಗಿ ಅಷ್ಟನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಇವರ ಕೈಗೆ ಒಂದು ಮೀನೂ ಸಿಕ್ಕಿರಲಿಲ್ಲ ಎಂದು ಅವರಿಗೆ ಹೇಳಬೇಕೆನ್ನಿಸಿತು. ಬಂದು ಹೋದವರ ಬಾಯಲ್ಲಿ ಇನ್ನೊಂದು ಮಾತು. ಹೆಂಡತಿ ಫೋನು ಮಾಡಿ ಹೇಳಿದ್ದಳಂತೆ, ಕೇಳಲಿಲ್ಲವಂತೆ. ಹೆಂಗಸರ ಮಾತು ಎಂದರೆ ಗಂಡಸರಿಗೆ ಅಷ್ಟೇ ಅಲ್ಲವೇ ಎಂದು ಹೆಂಗಸರು ಹೇಳಿದರು. ವಿಧಿ ಕಿವಿ ಮುಚ್ಚಿತು ಎಂದು ಗಂಡಸರು ಹೇಳಿದರು.

ನಾನು ಬಳ್ಳಾರಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಓಣಿಯಲ್ಲಿ ನೀರು ಬಂತು. ಯಾವುದೋ ಹುಡುಗಿ ಓಡಿಬರುತ್ತ “ನೀರು ಬಿಟ್ಟಾ” ಎಂದಳು, ಅರ್ಧಕ್ಕೇ ಯಾರೋ ಅವಳ ಬಾಯಿ ಮುಚ್ಚಿದರು. ಹೊರಗೆ ಬರೀ ಕೊಡಗಳ ಸದ್ದು, ಒಬ್ಬರೂ ಮಾತಾಡುತ್ತಿರಲಿಲ್ಲ. ರತ್ನಮ್ಮ, ಅವರ ಗಂಡ ಬಂದು ನಮ್ಮ ಚಪ್ಪಡಿ ಸರಿಸಿ, ಸಂಪು ತುಂಬಿಸಿ, ಮುಚ್ಚಿ ಹೋದರು. ನಾನು ಒಳಗೆ ಕದ ಹಿಡಿದುಕೊಂಡು ನಿಂತಿದ್ದೆ. ಆ ಓಣಿಯವರ ಋಣ ನಾನು ಯಾವ ಜನ್ಮದಲ್ಲೂ ತೀರಿಸಲಾರೆ.

ನಿಜ ಹೇಳಬೇಕೆಂದರೆ, ಆ ದಿನಗಳಲ್ಲಿ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಲಗೂ ಬರ್ರಿ ಎಂದು ಕೂಗಿ ಹೇಳಿದ್ದೆನಲ್ಲ. ನಲ್ಲಿ ನೀರೇ ಅಂತ ತಿಳಿಯಲಿ, ಹೆಂಡತಿ ಬಾ ಅಂದಳು ಎಂದು ಎದ್ದು ಬರಬಾರದಿತ್ತೇ? ಚಪ್ಪಡಿ ಎತ್ತಬೇಡ ಎಂದು ಒಂದು ಬುದ್ಧಿಮಾತು ಹೇಳಿ, ಫೋನು ಜೇಬಿಗೆ ಹಾಕಿಕೊಂಡು, ಆ ಹಾಳು ದಾರ ಬೀಸುತ್ತ ನಿಂತುಬಿಟ್ಟರಲ್ಲ ಎಂದು ಒಳಗೇ ಕುದಿಯುತ್ತಿದ್ದೆ. ಅವರ ಫೋಟೋಕ್ಕೆ ಹೂ ಹಾಕುವಾಗಲೂ ಬೈದೇ ಹಾಕುತ್ತಿದ್ದೆ. ಸತ್ತವರ ಮೇಲಿನ ಸಿಟ್ಟಿಗೆ ಉತ್ತರ ಕೊಡುವವರು ಯಾರು?

ಮೌಲಾ ನಮ್ಮ ಮನೆ ಕಡೆ ತಲೆ ಹಾಕಿರಲಿಲ್ಲ. ಮಳೆಗಾಲ ಶುರುವಾದ ಮೇಲೆ ಒಂದು ಸಂಜೆ ಬಂದ. ಮೈದುನ ವಹಿಸಿಕೊಂಡಿದ್ದ ಅಂಗಡಿಯಲ್ಲಿ ಉಳಿದಿದ್ದ ಇವರ ಕನ್ನಡಕ ಕೊಡಲು ಬಂದಿದ್ದ. ತೀರ ಸೊರಗಿದ್ದ. ಚಹಾ ಕೊಟ್ಟೆ. ಲೋಟ ಹಿಡಿದುಕೊಂಡು ಕೂತ, ಕುಡಿಯಲಿಲ್ಲ. ಏನಾದರೂ ಮಾತಾಡಬೇಕಲ್ಲ ಎಂದು ನಾನೇ ಶುರು ಮಾಡಿದೆ. ಮಾತು ಎಲ್ಲೆಲ್ಲೋ ಹೋಗಿ ಅಲ್ಲಿಗೇ ಬಂತು.

“ನಿನ್ನ ಗೆಳೆಯ ನನ್ನ ಮಾತು ಯಾವತ್ತು ಕೇಳ್ಯಾರ ಹೇಳಪ್ಪ? ಬರ್ರಿ ಅಂತ ಬಡಕೊಂಡೆ. ಮೀನಿನ ಮುಂದ ನಾನ್ಯಾವ ಲೆಕ್ಕ” ಎಂದೆ.

ಮೌಲಾ ಲೋಟ ಕೆಳಗಿಟ್ಟ.

“ಹಂಗ ಅನಬ್ಯಾಡ್ರಿ ಭಾಬಿ. ನಾ ಹೇಳಬಾರದು ಅಂತಿದ್ದೆ. ನೀವು ಹಿಂಗ ಅಂದ್ರ ನನಗ ತಡಕೊಳ್ಳಾಕ ಆಗಂಗಿಲ್ಲ.”

ಅವನು ಹೇಳಿದ. ಫೋನು ಕಟ್ಟಾದ ಕೂಡಲೇ ಇವರು ದಾರ ಸುತ್ತಿಕೊಳ್ಳಲು ಶುರು ಮಾಡಿದರಂತೆ. “ಬಳ್ಳಾರಿಯಾಗ ನೀರು ಬಿಟ್ಟಾರಂತಲೇ ಮೌಲಾ. ಅಕೀ ಒಬ್ಬಾಕಿ ಅದಾಳ. ಬ್ಯಾಡ ಅಂದ್ರೂ ಚಪ್ಪಡಿ ಎತ್ತಾಕ ಹೋಗ್ತಾಳ, ಹಟಮಾರಿ. ನಡಿ ಹೋಗೋಣು” ಎಂದರಂತೆ. ಈಗ ತಾನೇ ಬಂದಿದ್ದೇವೆ, ಇನ್ನೊಂದು ತಾಸು ಇರೋಣ ಎಂದು ಮೌಲಾ ತಡೆದನಂತೆ. “ನೀ ಸಾಮಾನು ಕಟಗೊಂಡು ನಿಧಾನ ಬಾ, ನಾ ಮುಂದ ಹೋಗಿ ಗಾಡಿ ತಿರುವಿರ್ತೀನಿ” ಎಂದು ಇವರು ಬಂಡೆಯಿಂದ ಇಳಿದರಂತೆ. ಬರುವಾಗ ಮೊಳಕಾಲಿಗಿದ್ದ ನೀರು ಆಗಲೇ ತೊಡೆಗೆ ಬಂದಿತ್ತು.

“ನೀರು ಏರೈತಿ ನೋಡಲೇ ಅಂದೆ ಭಾಬಿ. ಎದಿ ಮಟ ರಬ್ಬರ್ ಐತಲ್ಲೋ ಅಂತ ನಕ್ಕೊಂತ ಹ್ವಾದ. ನಡುವ ಉಸುಕು ತೆಗೆದ ಗುಂಡಿ ಇತ್ತೋ ಏನೋ, ಒಮ್ಮಿಂದೊಮ್ಮೆಲೆ ಎದಿ ದಾಟಿತು. ಒಂದು ಸಲ ನನ್ನ ಕಡಿ ತಿರುಗಿ ನೋಡಿದ. ಆಮ್ಯಾಲೆ ಏಳಲೇ ಇಲ್ಲ.” ಅವನು ಟವೆಲಿನಿಂದ ಮುಖ ಮುಚ್ಚಿಕೊಂಡ. “ನನ್ನ ಕೂಡ ಆ ಬಂಡೆ ಮ್ಯಾಲೆ ಕುಂತಿದ್ರ ಹರಿಗೋಲು ಇಬ್ಬರನ್ನೂ ತರ್ತಿತ್ತು.”

ಅವನು ಹೋದ ಮೇಲೆ ನಾನು ಅಲ್ಲೇ ನೆಲದ ಮೇಲೆ ಕೂತೆ. ಇವರು ತೀರಿಹೋದಾಗಿನಿಂದ ಬಾರದಿದ್ದ ಅಳು ಆಗ ಬಂತು. ಅದರಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು, ಅದನ್ನು ಹಿಡಿದುಕೊಂಡು ಬದುಕಬಹುದಿತ್ತು.

ಇದೆಲ್ಲ ಆಗಿ ಕೆಲವು ಬೇಸಿಗೆಗಳು ಕಳೆದಿವೆ. ಈಗ ನಾನು ಯಾರಿಗೇ ಫೋನು ಮಾಡಿದರೂ ಮಾತು ಅರ್ಧ ಬಿಡುವುದಿಲ್ಲ. ಯಾರು, ಎಲ್ಲಿಗೆ, ಯಾಕೆ, ಯಾವಾಗ ಎಂದು ಪೂರ್ತಿ ಹೇಳುತ್ತೇನೆ, ಕೇಳಿಸಿತೇ ಎಂದು ವಾಪಸ್ಸು ಹೇಳಿಸುತ್ತೇನೆ. ಅಮ್ಮನ ಫೋನೆಂದರೆ ರೇಡಿಯೋ ವಾರ್ತೆ ಎಂದು ಮಗಳು ನಗುತ್ತಾಳೆ. ನಗಲಿ ಬಿಡಿ.

ಕುರುಗೋಡಿಗೆ ಹೋದಾಗ, ಮದುವೆ ಮುಂಜಿಗಳಲ್ಲಿ ಬಂಧುಗಳು ಸಿಕ್ಕಾಗ ಇವರ ಮಾತು ಬಂದೇ ಬರುತ್ತದೆ. ಆಗ ಯಾರಾದರೊಬ್ಬರು ನನ್ನ ಬೆನ್ನ ಮೇಲೆ ಕೈಯಾಡಿಸಿ, “ನಿನ್ನ ಮಾತು ಒಂದು ಕೇಳಿದ್ರ ಉಳೀತಿದ್ದ ನೋಡವ್ವ ಪಂಪಾಪತಿ” ಎಂದು ಸಮಾಧಾನ ಹೇಳುತ್ತಾರೆ. ನಾನು ತಲೆಯಾಡಿಸುತ್ತೇನೆ. ಅವರು ಕೇಳಿದ್ದರು. ಕೇಳಿದ್ದಕ್ಕೇ ಎದ್ದು ಹೊರಟಿದ್ದರು.